ಮಗುವಿನ ಮಾತು ಮತ್ತು ಮನೆಯಂಗಳ



ಮಕ್ಕಳ ತೂಕ, ಲಸಿಕೆ, ಎದೆಹಾಲು, ಪೂರಕ ಆಹಾರ ಇವುಗಳ ವಿಷಯವಾಗಿ ನೀವು ಆರೋಗ್ಯ ಕಾರ್ಯಕರ್ತೆಯರಿಂದ ಹಲವು ಬಾರಿ ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ತಕ್ಕಡಿಯಲ್ಲಿ ತೂಗಲಾಗದ, ಬಟ್ಟಲಿನಲ್ಲಿ ಅಳೆಯಲಾಗದ ಒಂದು ಪೋಷಣೆಯ ವಿಷಯ. ಅದು ಮಾತು. ಮಗುವಿಗೆ ಮಾತು ತಾನಾಗಿಯೇ ಬರುತ್ತದೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಕಿವಿ, ನಾಲಗೆ, ಮಿದುಳುಗಳನ್ನು ಮಗು ಹುಟ್ಟುವಾಗಲೇ ತಂದಿರುತ್ತದೆ. ಆದರೆ ಆಡುವುದಕ್ಕೆ ಒಂದು ವಿಷಯವನ್ನೂ, ಆಡಿದ್ದನ್ನು ಕೇಳುವುದಕ್ಕೆ ಒಬ್ಬ ಮನುಷ್ಯರನ್ನೂ ನಾವು ಒದಗಿಸಬೇಕು. ವಿಷಯವು ಧಾರಾಳವಾಗಿ, ಕಾಸಿಲ್ಲದೆ ದೊರಕುವ ಸ್ಥಳ ಮನೆಯ ಹೊಸ್ತಿಲಿನಾಚೆಗೆ ಇದೆ: ಅಂಗಳ, ಹಿತ್ತಿಲು, ಹೊಲದ ಬದು, ಕೆರೆಯ ಏರಿ. ಕೇಳುವವರು ಮಾತ್ರ ನೀವೇ ಆಗಬೇಕು.

ಗೋಡೆಗೆ ತೂಗುಹಾಕಿದ ಚಿತ್ರಪಟದಲ್ಲಿ ಒಂದು ಹಸುವಿರುತ್ತದೆ. ಮಗು ಅದನ್ನು ತೋರಿಸಿ 'ಹಸು' ಎನ್ನುತ್ತದೆ, ನಾವು ಸಂತೋಷಪಡುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಮಗುವಿನ ಸ್ಥಿತಿ ಬೇರೆ. ಅಲ್ಲಿ ಹಸು ಮೆಲುಕು ಹಾಕುತ್ತದೆ, ಕರುವನ್ನು ನೆಕ್ಕುತ್ತದೆ, ಬಾಲದಿಂದ ನೊಣ ಅಟ್ಟುತ್ತದೆ, ತಲೆಯಾಡಿಸಿದರೆ ಕೊರಳ ಗಂಟೆ ನುಡಿಯುತ್ತದೆ. ಪಟ ಒಂದು ಹೆಸರನ್ನು ಕೊಟ್ಟರೆ, ಕೊಟ್ಟಿಗೆಯು ಅರ್ಧ ಡಜನ್ ಕ್ರಿಯಾಪದಗಳನ್ನು ಕೊಡುತ್ತದೆ. ವಾಕ್ಯವನ್ನು ಕಟ್ಟುವುದು ಕ್ರಿಯಾಪದ. ಹೆಸರುಗಳನ್ನು ಮಾತ್ರ ಬಲ್ಲ ಮಗು ಪಟ್ಟಿಯನ್ನು ಒಪ್ಪಿಸಬಲ್ಲುದು, ತನಗಾದದ್ದನ್ನು ಹೇಳಲಾರದು.

ಇದು ಹೊಸ ವಿಚಾರವೇನೂ ಅಲ್ಲ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ ಎಂದೇ ಹೆಸರಿಟ್ಟನು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು, ಮುಂದೆ ಅನುತಾಯಿ ವಾಘ್ ಅವರ ಜೊತೆಗೂಡಿ, 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಗ್ರಾಮದಲ್ಲಿ ಬಡ ಮಕ್ಕಳಿಗಾಗಿ ಶಿಕ್ಷಣ ಕೇಂದ್ರವನ್ನು ಪ್ರಾರಂಭಿಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಮಕ್ಕಳ ಕೇರಿಯ ಅಂಗಳಕ್ಕೆ ಹೋಯಿತು. ದನ ಕಾಯುವ ಆದಿವಾಸಿ ಮಕ್ಕಳಿಗಾಗಿ ಹುಲ್ಲುಗಾವಲಿಗೂ ಹೋಯಿತು. ಬೆಣಚುಕಲ್ಲು, ಎಲೆ, ಬೀಜ, ಹೂಗಳೇ ಅಲ್ಲಿ ಪಾಠೋಪಕರಣಗಳು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಮೊದಲ 33 ಯೋಜನೆಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಅಂದಿನಿಂದ ನಮ್ಮ ಹಳ್ಳಿಗಳಲ್ಲಿ ಮನೆಮಾತಾದ 'ಅಂಗನವಾಡಿ' ಎಂಬ ಪದದಲ್ಲಿಯೇ ಅಂಗಳವಿದೆ. ಮಕ್ಕಳನ್ನು ಇಡೀ ದಿನ ನಾಲ್ಕು ಗೋಡೆಯೊಳಗೆ ಸಾಲಾಗಿ ಕೂರಿಸುವ ಅಂಗನವಾಡಿಗೆ ಆ ಹೆಸರು ಒಪ್ಪುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನು ವಯಸ್ಸಿಗೆ ತಕ್ಕಂತೆ ಏನು ಮಾಡಬಹುದೆಂಬುದನ್ನು ನೋಡೋಣ.

ಮಾತು ಬಾರದ ಎಳೆಗೂಸಿಗೆ ಹೊರಗೇನು ಕೆಲಸ ಎಂದು ಕೇಳುವವರುಂಟು. ಕೂಸು ಮೊದಲು ಕಲಿಯುವುದು ಕೇಳುವುದನ್ನು. ಬೆಳಗಿನ ಎಳೆಬಿಸಿಲಿನಲ್ಲಿ ಕಂಕುಳಲ್ಲೆತ್ತಿಕೊಂಡು ನಿಂತಾಗ ಕಾಗೆ ಕೂಗುತ್ತದೆ. ಕೂಸು ಆ ಕಡೆಗೆ ಕತ್ತು ಹೊರಳಿಸುತ್ತದೆ. ಆ ಗಳಿಗೆಯಲ್ಲಿ ತಾಯಿ, "ಕಾಗೆ! ಕಾಗೆ ಕೂಗ್ತಾ ಇದೆ ನೋಡು" ಎಂದರೆ ಪಾಠ ಆಯಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮಗು ಯಾವುದನ್ನು ನೋಡುತ್ತಿದೆಯೋ ಅದರ ಹೆಸರನ್ನು ಹೇಳಿದರೆ ಪದ ಬೇಗ ನಾಟುತ್ತದೆ. ಅದು ಇರುವೆಯನ್ನು ನೋಡುತ್ತಿರುವಾಗ ಗಲ್ಲ ಹಿಡಿದು ತಿರುಗಿಸಿ ವಿಮಾನವನ್ನು ತೋರಿಸಿದರೆ ಎರಡೂ ಕೈತಪ್ಪುತ್ತವೆ. ಆದುದರಿಂದ ಮಗುವಿನ ಕಣ್ಣನ್ನು ನೀವು ಹಿಂಬಾಲಿಸಿ.

ಸುಮಾರು ಒಂದು ವರ್ಷಕ್ಕೆ ಮೊದಲ ಪದ ಬರುತ್ತದೆ. ಎರಡು ತುಂಬುವ ಹೊತ್ತಿಗೆ ಎರಡು ಪದಗಳ ಜೋಡಣೆ ಆರಂಭವಾಗುತ್ತದೆ. ಈ ಅವಧಿಯಲ್ಲಿ ಅಳಿಲು ಓಡುವುದನ್ನು ಕಂಡ ಮಗು "ಅಲ್ಲು ಓತು" ಎನ್ನಬಹುದು. ನಗಬೇಡಿ, "ಹಾಗಲ್ಲ, ಸರಿಯಾಗಿ ಹೇಳು" ಎಂದು ತಡೆಯಲೂ ಬೇಡಿ. "ಹೌದು ಕಂದ, ಅಳಿಲು ಓಡಿಹೋಯ್ತು. ಮರದ ಮೇಲಕ್ಕೆ ಓಡಿಹೋಯ್ತು" ಎಂದು ಅದರ ಎರಡು ಪದಕ್ಕೆ ನಿಮ್ಮ ಎರಡು ಪದ ಸೇರಿಸಿ ಹಿಂದಿರುಗಿಸಿ. "ಕಾಗೆ ಬಂದಳು" ಎಂದರೆ, "ಹೌದು, ಕಾಗೆ ಬಂತು" ಎನ್ನಿರಿ. ಕನ್ನಡದಲ್ಲಿ ಅಜ್ಜಿಗೆ ಒಂದು ಕ್ರಿಯಾರೂಪ, ಕಾಗೆಗೆ ಇನ್ನೊಂದು ಎಂಬ ವ್ಯಾಕರಣ ಸೂತ್ರವನ್ನು ಯಾವ ತಾಯಿಯೂ ವಿವರಿಸಬೇಕಾಗಿಲ್ಲ. ಅಂಗಳದಲ್ಲಿ ಅಜ್ಜಿಯೂ ಕಾಗೆಯೂ ಇಬ್ಬರೂ ಓಡಾಡುತ್ತಿದ್ದರೆ ಸಾಕು. 'ಮರ' ಎಂಬುದನ್ನು 'ಮಲ' ಎಂದು ನುಡಿಯುವ ಮೂರು ವರ್ಷದ ಮಗುವಿನ ಬಗ್ಗೆಯೂ ಆತಂಕ ಬೇಡ. ರಕಾರ, ಳಕಾರ, ಮಹಾಪ್ರಾಣಗಳು ತಡವಾಗಿ ಕೂಡಿಬರುವ ಧ್ವನಿಗಳು.

ಮೂರರಿಂದ ಆರು ವರ್ಷದವರೆಗಿನ ಕಾಲವೇ ನಮ್ಮ ವಿಷಯದ ಹೃದಯ. ಈ ವಯಸ್ಸಿನ ಮಗುವಿಗೆ ಪದಗಳ ಹಸಿವು ಹೊಟ್ಟೆಯ ಹಸಿವಿಗಿಂತ ಹೆಚ್ಚು. ಆ ಹಸಿವನ್ನು ತಣಿಸಲು ಕನ್ನಡ ಎಷ್ಟು ಸಿರಿವಂತವಾದ ನುಡಿ ಎಂಬುದನ್ನು ಹೊರಗೆ ನಿಂತೇ ಅರಿಯಬೇಕು. ಒಂದು ಮಾವಿನ ಮರದ ಕೆಳಗೆ ಮಗುವನ್ನು ಕರೆದುಕೊಂಡು ಹೋಗಿ. ಚಿಗುರು, ಎಳೆಯ ಎಲೆ, ಬಲಿತ ಎಲೆ, ಹಣ್ಣೆಲೆ, ತರಗೆಲೆ ಎಂದು ಒಂದೇ ಎಲೆಗೆ ಎಷ್ಟೊಂದು ಹೆಸರು! ಹೂವು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ಒಂದು ಫಲದ ಬಾಳನ್ನೇ ಹೇಳಿಬಿಡಬಹುದು. ತೆಂಗಿಗೆ ಇರುವುದು ಎಲೆಯಲ್ಲ, ಗರಿ, ಅಡಕೆ ಮರದಿಂದ ಬೀಳುವುದು ಹಾಳೆ, ಹೂವಿನದು ಎಸಳು. ಹೂವನ್ನು ಬಿಡಿಸುತ್ತೇವೆ, ಕಾಯಿಯನ್ನು ಕೀಳುತ್ತೇವೆ, ಚಿಗುರನ್ನು ಚಿವುಟುತ್ತೇವೆ, ಪೈರನ್ನು ಕೊಯ್ಯುತ್ತೇವೆ. ನೀರು ಹರಿಯುತ್ತದೆ, ಸೋರುತ್ತದೆ, ಜಿನುಗುತ್ತದೆ, ತೊಟ್ಟಿಕ್ಕುತ್ತದೆ, ಉಕ್ಕುತ್ತದೆ. ಇವುಗಳನ್ನು ಪಟ್ಟಿಮಾಡಿ ಬಾಯಿಪಾಠ ಮಾಡಿಸುವುದು ಶುದ್ಧ ಅವಿವೇಕ. ಆದರೆ ಮಾಡಿನಿಂದ ನೀರು ತೊಟ್ಟಿಕ್ಕುತ್ತಿರುವಾಗ ಅಂಗೈ ಒಡ್ಡಿದ ಮಗುವಿಗೆ ಆ ಪದವನ್ನು ಒಮ್ಮೆ ಹೇಳಿದರೆ ಅದು ಮರೆಯುವುದು ಕಷ್ಟ. ಇಂದು ನಗರದಲ್ಲಿ ಬೆಳೆದ ಎಷ್ಟೋ ತಂದೆತಾಯಿಗಳಿಗೇ ಈ ಪದಗಳು ಮಸುಕಾಗಿವೆ. ಅಜ್ಜಿ ಮನೆಯಲ್ಲಿದ್ದರೆ ಅವರನ್ನೇ ಮುಂದೆ ಬಿಡಿ.

ಮಳೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ತುಂತುರು, ಜಿಟಿಜಿಟಿ ಮಳೆ, ಸೋನೆ, ಜಡಿಮಳೆ, ಬಿರುಮಳೆ ಎಂದು ನಮ್ಮ ಹಿರಿಯರು ಮಳೆಗೆ ಇಟ್ಟ ಹೆಸರುಗಳಲ್ಲಿ ನೀರಿನ ಅಳತೆಯೇ ಅಡಗಿದೆ. ಅದರೊಡನೆ ಅನುಕರಣ ಶಬ್ದಗಳು: ಹನಿ ಪಟಪಟ ಬೀಳುತ್ತದೆ, ಹೊಳೆ ಜುಳುಜುಳು ಹರಿಯುತ್ತದೆ, ತರಗೆಲೆ ಸರಸರ ಎನ್ನುತ್ತದೆ, ಕಪ್ಪೆ ವಟಗುಟ್ಟುತ್ತದೆ, ಗುಡುಗು ಗುಡುಗುಡು ಎನ್ನುತ್ತದೆ. ಈ ಶಬ್ದಗಳನ್ನು ಹಿರಿಯರು ಶಿಶುಗಳ ತೊದಲೆಂದು ತಳ್ಳಿಹಾಕಬಾರದು. ಒಂದು ಶಬ್ದವನ್ನು ಕಿವಿಯಿಂದ ಹಿಡಿದು, ಬಾಯಿಯಿಂದ ಮತ್ತೆ ಹುಟ್ಟಿಸುವ ಅಭ್ಯಾಸವೇ ಮುಂದೆ ಅಕ್ಷರವನ್ನು ಅದರ ಧ್ವನಿಗೆ ಜೋಡಿಸುವುದಕ್ಕೆ ಅಡಿಪಾಯ. ಮಾಡಿನ ಕೆಳಗೆ ಮಗುವನ್ನು ಕೂರಿಸಿಕೊಂಡು ಕಣ್ಣುಮುಚ್ಚಿ, ಏನೇನು ಕೇಳಿಸಿತು ಎಂದು ಬೆರಳು ಮಡಿಸುತ್ತ ಎಣಿಸಿ. ಮೊದಲ ದಿನ ಎರಡು, ವಾರ ಕಳೆದರೆ ಏಳೆಂಟು.

ಕನ್ನಡದ ಕೆಲವು ಧ್ವನಿಭೇದಗಳು ನಾಜೂಕಾದುವು. ಎಲೆ ಬೇರೆ, ಎಳೆ ಬೇರೆ; ಕಾಲು ಬೇರೆ, ಕಾಳು ಬೇರೆ; ಮಲೆ ಬೇರೆ, ಮಳೆ ಬೇರೆ. ಶಾಲೆಯಲ್ಲಿ ಲಕಾರ ಳಕಾರಗಳನ್ನು ತಪ್ಪಾಗಿ ಬರೆಯುವ ಮಕ್ಕಳಲ್ಲಿ ಅನೇಕರು ಮೊದಲು ಅವನ್ನು ಬೇರೆಬೇರೆಯಾಗಿ ಕೇಳಿಯೇ ಇರುವುದಿಲ್ಲ. ಕಣದಲ್ಲಿ ಚೆಲ್ಲಿದ ಕಾಳನ್ನು ಹೆಕ್ಕುವಾಗ, "ಕಾಲಿನ ಹತ್ತಿರ ಕಾಳು ಬಿದ್ದಿದೆ" ಎಂದರೆ ಮಗು ನಕ್ಕು, ಮತ್ತೆ ಮತ್ತೆ ಅದನ್ನೇ ಹೇಳಿಸಿಕೊಳ್ಳುತ್ತದೆ. ಇಷ್ಟು ಸಾಕು, ತಪ್ಪಿದರೆ ತಿದ್ದಲು ಬೆತ್ತ ಬೇಡ.

ಬಹಳ ಮನೆಗಳಲ್ಲಿ ನಾನು ಕಂಡ ಒಂದು ದೋಷವನ್ನು ಇಲ್ಲಿ ಹೇಳದೆ ಇರಲಾರೆ. ಮಗುವನ್ನು ಹೊರಗೆ ಕರೆದೊಯ್ದ ಹಿರಿಯರು ಪರೀಕ್ಷಾಧಿಕಾರಿಗಳಾಗಿಬಿಡುತ್ತಾರೆ. "ಇದೇನು? ಅದು ಯಾವ ಬಣ್ಣ? ಎಷ್ಟಿವೆ?" ಎಂಬ ಪ್ರಶ್ನೆಗಳ ಸುರಿಮಳೆ. ಉತ್ತರ ತಮಗೆ ಗೊತ್ತಿದ್ದೂ ಕೇಳುತ್ತಿದ್ದಾರೆಂಬುದು ಮಗುವಿಗೆ ಬೇಗ ತಿಳಿಯುತ್ತದೆ. ಅದು ಮೌನಕ್ಕೆ ಶರಣಾಗುತ್ತದೆ. ನಿಮಗೂ ಉತ್ತರ ತಿಳಿಯದ ಪ್ರಶ್ನೆಯನ್ನು ಕೇಳಿ ನೋಡಿ. "ಈ ಇರುವೆ ಇಷ್ಟು ದೊಡ್ಡ ಅಕ್ಕಿಕಾಳನ್ನು ಎಲ್ಲಿಗೆ ಒಯ್ಯುತ್ತಿದೆಯೋ?" ಎಂದು ಕೇಳಿ, ಇಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು ಆ ಇರುವೆಯ ಹಿಂದೆ ಹೋಗಿ. ಕೇಳಿದ ಮೇಲೆ ಸ್ವಲ್ಪ ಸುಮ್ಮನಿರಬೇಕು. ಮಗು ಪದವನ್ನು ಹುಡುಕಿ ತರುವುದಕ್ಕೆ ದೊಡ್ಡವರಿಗಿಂತ ಹೆಚ್ಚು ಹೊತ್ತು ಬೇಕು. ಆ ಬಿಡುವನ್ನು ನಾವೇ ಮಾತಿನಿಂದ ತುಂಬಿಬಿಟ್ಟರೆ ಅದಕ್ಕೆ ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ನಾಲ್ಕೈದು ವರ್ಷದ ಮಕ್ಕಳಿಗೆ ಒಗಟು ಬಹಳ ಪ್ರಿಯ. ಮುಟ್ಟಿದರೆ ಮುನಿ ಗಿಡದ ಬಳಿ ಆಡಿ ಬಂದ ಮಕ್ಕಳಿಗೆ, "ಮುಟ್ಟಿದರೆ ಮುದುಡುತ್ತೇನೆ, ಬಿಟ್ಟರೆ ಬಿಚ್ಚಿಕೊಳ್ಳುತ್ತೇನೆ, ನಾನು ಯಾರು?" ಎಂದು ಕೇಳಿ. ಮರುದಿನ ಅವರೇ ಬಸವನಹುಳುವಿಗೆ ಒಂದು ಒಗಟು ಕಟ್ಟಿ ತರುತ್ತಾರೆ. ಅದು ವಕ್ರವಾಗಿದ್ದರೂ ಸರಿಯೆ. ಸಂಜೆ ಮನೆಗೆ ಬಂದ ತಂದೆಗೆ ದಿನದ ಸುದ್ದಿಯನ್ನು ಹೇಳುವ ಕೆಲಸವನ್ನು ಮಗುವಿಗೇ ವಹಿಸಬೇಕು. ಮೊದಲು ಎಲ್ಲಿಗೆ ಹೋದೆವು, ಆಮೇಲೆ ಏನು ಕಂಡಿತು, ಯಾಕೆ ಓಡಿಬಂದೆವು ಎಂದು ಕ್ರಮವಾಗಿ ಹೇಳುವುದೇ ಕಥನದ ಆರಂಭ. ಕಣ್ಣ ಮುಂದೆ ಇಲ್ಲದ್ದನ್ನು ಮಾತಿನಿಂದ ಇನ್ನೊಬ್ಬರ ಮುಂದೆ ನಿಲ್ಲಿಸುವ ಈ ಶಕ್ತಿಯೇ ಮುಂದೆ ಓದಿನಲ್ಲಿಯೂ ಬರವಣಿಗೆಯಲ್ಲಿಯೂ ಬೇಕಾಗುವುದು. ತಂದೆಯಾದವನು ಮೊಬೈಲನ್ನು ಕೆಳಗಿಟ್ಟು ಕೇಳಿದರೆ ಮಾತ್ರ ಇದು ನಡೆಯುತ್ತದೆ.

ಬರವಣಿಗೆಗೆ ಅವಸರ ಬೇಡ. ಹಸಿಮಣ್ಣಿನಲ್ಲಿ ಉಂಡೆ ಕಟ್ಟುವುದು, ಹುಣಸೆಬೀಜ ಜೋಡಿಸುವುದು, ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆಯುವುದು, ತಾಯಿ ಹಾಕಿದ ರಂಗೋಲಿಯ ಚುಕ್ಕಿಗಳನ್ನು ಬೆರಳಿನಿಂದ ಕೂಡಿಸುವುದು ಇವೆಲ್ಲ ಕೈಬೆರಳುಗಳನ್ನು ಪಳಗಿಸುತ್ತವೆ. ನಮ್ಮ ಅಕ್ಷರಗಳು ದುಂಡಗಿನವು. ಸುತ್ತಿ, ಬಳಸಿ, ಕೊಂಬು ಕೊಟ್ಟು ಬರೆಯತಕ್ಕವು. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ತುರುಕಿ ಪುಟ ತುಂಬಿಸುವುದಕ್ಕಿಂತ ಮರಳಿನಲ್ಲಿ ಮನಬಂದಂತೆ ಗೀಚಲು ಬಿಡುವುದು ಮೇಲು.

ಯಾವ ಭಾಷೆಯಲ್ಲಿ ಮಾತನಾಡಬೇಕು? ನಿಮ್ಮ ಮನೆಯ ಭಾಷೆಯಲ್ಲಿ. ತುಳು, ಕೊಂಕಣಿ, ಉರ್ದು, ಕೊಡವ, ಲಂಬಾಣಿ, ಬ್ಯಾರಿ, ಯಾವುದೇ ಇರಲಿ, ತಾಯಿಗೆ ಸರಾಗವಾಗಿ ಬರುವ ಮಾತಿನಲ್ಲಿಯೇ ಮಗುವಿಗೆ ಇರುವೆಯನ್ನೂ ಮಳೆಯನ್ನೂ ಪರಿಚಯಿಸಬೇಕು. ಒಂದು ಭಾಷೆ ಗಟ್ಟಿಯಾದ ಮಗು ಎರಡನೆಯದನ್ನು ಸುಲಭವಾಗಿ ಕಲಿಯುತ್ತದೆ. ಮನೆಯಲ್ಲಿ ಎರಡು ಭಾಷೆ ಕೇಳಿದರೆ ಮಗು ಮೂಗನಾಗುತ್ತದೆಂಬುದು ಸುಳ್ಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವ ಕಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿಯೇ ಕಲಿಸಬೇಕೆಂದು ಹೇಳಿದೆ. ತಮಗೆ ಚೆನ್ನಾಗಿ ಬಾರದ ಇಂಗ್ಲಿಷಿನಲ್ಲಿ "ಸೀ, ಬರ್ಡ್" ಎಂದು ನಿಲ್ಲಿಸಿಬಿಡುವ ತಾಯಿ ತನ್ನಲ್ಲಿರುವ ನೂರು ಮಾತನ್ನು ಬಚ್ಚಿಟ್ಟು ಎರಡನ್ನು ಕೊಟ್ಟಂತಾಗುತ್ತದೆ.

ಅಂಗಳವೇ ಇಲ್ಲದವರು ಏನು ಮಾಡಬೇಕು? ಬೆಂಗಳೂರಿನ ವಠಾರದಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಇರುವವರಿಗೆ ಹೊಲದ ಬದುವಿನ ಮಾತು ಅಣಕದಂತೆ ಕೇಳಿಸೀತು. ಒಡೆದ ಕುಂಡದಲ್ಲಿ ನಾಲ್ಕು ಮೆಂತ್ಯಕಾಳು ಬಿತ್ತಿ; ಕೆಲವೇ ದಿನಗಳಲ್ಲಿ ಮೊಳಕೆ ಮಣ್ಣನ್ನು ಸೀಳಿ ಬರುವುದನ್ನು ಮಗುವೇ ಬಂದು ವರದಿ ಮಾಡುತ್ತದೆ. ಬೀದಿಯಲ್ಲಿ ಹೊಂಗೆಯ ಮರವಿದ್ದೀತು. ತಾರಸಿಯ ಮೇಲೆ ಚಂದ್ರನಂತೂ ಬಾಡಿಗೆ ಕೇಳದೆ ಬರುತ್ತಾನೆ. ತುತ್ತು ಬಾಯಿಗಿಡುವಾಗ ಮೊಬೈಲ್ ತೋರಿಸುವ ಪದ್ಧತಿ ಈಗ ಹಳ್ಳಿಗೂ ಹಬ್ಬಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಕೂಡದು, ಅದಕ್ಕೂ ಕಡಿಮೆಯಾದಷ್ಟು ಲೇಸು. ಪರದೆ ಮಾತನಾಡುತ್ತದೆ ನಿಜ, ಆದರೆ ಮಗು ಮಾತನಾಡಿದಾಗ ಅದು ತಿರುಗಿ ನೋಡುವುದಿಲ್ಲ.

ಆರೋಗ್ಯ ಇಲಾಖೆಯ ಪುಸ್ತಿಕೆಯಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಗುಲಗಂಜಿ ನೋಡಲು ಚೆಲುವಾದರೂ ಅಗಿದರೆ ಪ್ರಾಣಾಪಾಯ. ಹರಳುಬೀಜ, ಕಾಡುಹರಳು, ಉಮ್ಮತ್ತಿ, ಕಣಗಿಲೆ ಇವೂ ವಿಷಗಳೇ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. "ಅಪ್ಪ ಅಮ್ಮ ಕೊಡದೆ ಯಾವ ಕಾಯನ್ನೂ ಬಾಯಿಗೆ ಹಾಕಬಾರದು" ಎಂಬುದು ಮಗು ಕಲಿಯಬೇಕಾದ ಮೊದಲ ಪೂರ್ಣ ವಾಕ್ಯಗಳಲ್ಲಿ ಒಂದಾಗಲಿ. ಸಣ್ಣ ಬೀಜಗಳನ್ನು ಮೂಗು ಕಿವಿಗಳಿಗೆ ತುರುಕಿಕೊಳ್ಳುವ ವಯಸ್ಸಿನ ಮಕ್ಕಳನ್ನು ಅವುಗಳೊಡನೆ ಒಂಟಿಯಾಗಿ ಬಿಡಬಾರದು. ತೆರೆದ ಬಾವಿ, ಕೃಷಿಹೊಂಡ, ನೀರು ತುಂಬಿದ ಡ್ರಮ್ಮು ಇವುಗಳ ಬಳಿ ಒಂದು ಕ್ಷಣವೂ ಕಣ್ಣು ತಪ್ಪಿಸಬೇಡಿ. ಮಣ್ಣಿನಲ್ಲಿ ಆಡುವಾಗ ಕಾಲಿಗೆ ಚಪ್ಪಲಿ, ಆಡಿ ಬಂದ ಮೇಲೆ ಕೈಗೆ ಸೋಪು, ವರ್ಷಕ್ಕೆರಡು ಬಾರಿ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಇವು ತಪ್ಪಬಾರದು. ನಾಯಿ ಕಚ್ಚಿದರೆ ಗಾಯವನ್ನು ಸೋಪುಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೆ ಆಸ್ಪತ್ರೆಗೆ ಕರೆತನ್ನಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಕಾಡಿನ ಉಣುಗುಗಳಿಂದ ಹರಡುತ್ತದೆ. ಆ ಕಾಯಿಲೆಯಿರುವ ಮಲೆನಾಡಿನ ಭಾಗಗಳಲ್ಲಿ ಡಿಸೆಂಬರಿನಿಂದ ಮೇ ತನಕ ಮಕ್ಕಳನ್ನು ಕಾಡಿಗೆ ಒಯ್ಯದೆ ಅಂಗಳದಲ್ಲಿಯೇ ಆಡಿಸತಕ್ಕದ್ದು.

ಇಷ್ಟನ್ನೆಲ್ಲ ಕೇಳಿದ ತಾಯಿ, "ನನಗೆ ಪುರುಸೊತ್ತೆಲ್ಲಿ?" ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬೆಳಗಿನ ಜಾವದಿಂದ ಕೂಲಿ, ನೀರು, ಒಲೆ ಎಂದು ದುಡಿಯುವವಳಿಗೆ ಇದನ್ನೊಂದು ಹೊಸ ಕೆಲಸವಾಗಿ ಹೊರಿಸುವುದು ನನ್ನ ಉದ್ದೇಶವಲ್ಲ. ಬಟ್ಟೆ ಒಣಹಾಕುವಾಗ, ಸೊಪ್ಪು ಬಿಡಿಸುವಾಗ, ಕೋಳಿಗೆ ಕಾಳು ಎರಚುವಾಗ ಹೇಗೂ ಹೊರಗಿರುತ್ತೀರಿ. ಮಾಡುತ್ತಿರುವುದನ್ನೇ ಬಾಯಿಬಿಟ್ಟು ಹೇಳಿದರಾಯಿತು. ಆದರೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೊದಲ ಮಗು ಎರಡು ಪದ ಕೂಡಿಸುವ ಹೊತ್ತಿಗೆ ತಾಯಿ ಮತ್ತೆ ಬಸುರಿಯಾಗಿ ಬಳಲುತ್ತಿದ್ದರೆ ಆ ಮಗುವಿನ ಪಾಲಿನ ಮಾತು ಕಡಿಮೆಯಾಗುತ್ತದೆ. ಹೆರಿಗೆಗಳ ನಡುವೆ ಕನಿಷ್ಠ 3 ವರ್ಷ ಅಂತರವಿರಲೆಂದು ನಾವು ಹೇಳುವುದು ತಾಯಿಯ ರಕ್ತಕ್ಕಾಗಿ ಮಾತ್ರವಲ್ಲ. ಕಾಪರ್-ಟಿ, 2017ರಿಂದ ಬಂದಿರುವ ಅಂತರಾ ಚುಚ್ಚುಮದ್ದು ಮತ್ತು ಛಾಯಾ ಮಾತ್ರೆ ಇವುಗಳ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ. ಪತಿಯೂ ಜೊತೆಗಿದ್ದು ಕೇಳುವುದು ಒಳ್ಳೆಯದು.

ಕಡೆಯದಾಗಿ, ಎಷ್ಟು ಮಾತನಾಡಿಸಿದರೂ ಮಾತು ಬಾರದ ಮಗುವಿನ ವಿಷಯ. ಒಂದು ವರ್ಷವಾದರೂ ತೊದಲದಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಒಂದು ಪದವಿಲ್ಲದಿದ್ದರೆ, ಎರಡು ತುಂಬಿದರೂ ಎರಡು ಪದ ಕೂಡಿಸದಿದ್ದರೆ, ಇಲ್ಲವೆ ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ ಕಾಯಬಾರದು. "ಅವರಪ್ಪನೂ ತಡವಾಗಿ ಮಾತಾಡಿದ" ಎಂಬ ಸಮಾಧಾನದಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ಮೊದಲು ಪರೀಕ್ಷಿಸಬೇಕಾದ್ದು ಕಿವಿ. ಬೆನ್ನ ಹಿಂದೆ ಗುಬ್ಬಿ ಚಿಲಿಪಿಲಿಗುಟ್ಟಿದರೂ, ಗುಡುಗಿದರೂ ಒಂದೇ ರೀತಿ ಕುಳಿತಿರುವ ಮಗುವನ್ನು ಅಂಗಳದಲ್ಲಿ ಗುರುತಿಸುವುದು ಸುಲಭ. ಪದೇ ಪದೇ ಕಿವಿ ಸೋರುವುದನ್ನೂ ಅಲಕ್ಷಿಸಬಾರದು. ಕಿವಿಗೆ ಎಣ್ಣೆ ಬಿಡುವುದು ಚಿಕಿತ್ಸೆಯಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡವು ಅಂಗನವಾಡಿ ಮಕ್ಕಳನ್ನು ಪರೀಕ್ಷಿಸಿ, ಅಗತ್ಯವಿದ್ದವರನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಳೆಗೂಸಿನ ಕಿವಿಯನ್ನೂ ಪರೀಕ್ಷಿಸುತ್ತಾರೆ; ಹುಟ್ಟಿನಿಂದಲೇ ಕಿವುಡಿರುವ ಮಗುವಿಗೆ ಆರು ತಿಂಗಳೊಳಗಾಗಿ ನೆರವು ಆರಂಭವಾದರೆ ಫಲ ಹೆಚ್ಚು.

ಶ್ರವಣ ಸಾಧನ ಹಾಕಿಸಿಕೊಂಡು ಬಂದ ಮಗುವನ್ನೂ ಮನೆಯೊಳಗೆ ಕೂರಿಸಬೇಡಿ. ಮೊದಲ ದಿನಗಳಲ್ಲಿ ಗದ್ದಲದ ಸಂತೆಗೆ ಒಯ್ಯದೆ, ಸದ್ದು ಕಡಿಮೆಯಿರುವ ಬೆಳಗಿನ ಹೊತ್ತು ಹಿತ್ತಿಲಿಗೆ ಕರೆದೊಯ್ದು, ಒಂದು ಬಾರಿಗೆ ಒಂದೇ ಶಬ್ದವನ್ನು ತೋರಿಸಿ: ಇದು ಕಾಗೆ, ಇದು ಕರು, ಇದು ತರಗೆಲೆ. ಅದು ನಿಮ್ಮ ತುಟಿಯನ್ನೂ ನೋಡುವಂತೆ ಎದುರಿಗೆ, ಅದರ ಎತ್ತರಕ್ಕೆ ಕುಳಿತು ಮಾತನಾಡಿ. ಮಳೆಯಲ್ಲಿ ಯಂತ್ರ ನೆನೆಯದಂತೆ ಮಾತ್ರ ನೋಡಿಕೊಳ್ಳಿ.